ಗೋಡೆಯ ಕ್ಯಾನ್ವಾಸಿಗೆ ಕ್ರೋಟನ್ನಿನ ಮಿಲೋ

ಪ್ರಶ್ನೆ: ವ್ಯಾಯಾಮದ ಕೋಣೆಯಲ್ಲಿ, ಕರುವನ್ನು ಹೆಗಲ ಮೇಲೆ ಹೊತ್ತಿರುವ ಕ್ರೋಟನ್ ಎಂಬ ಪ್ರಾಚೀನ ನಗರದ ಗ್ರೀಕ್ ಕುಸ್ತಿಪಟು ಮಿಲೋನ ಕ್ಯಾನ್ವಾಸ್ ಚಿತ್ರವನ್ನು ತೂಗುಹಾಕಬೇಕೆಂದಿದ್ದೇನೆ. ಅದರ ಮೇಲೆ ಸ್ಫೂರ್ತಿಯ ಮಾತೊಂದು ಇರಬೇಕೇ?

ಉತ್ತರ 1: ಬೇಡವೆಂದೇ ನನ್ನ ಅಭಿಪ್ರಾಯ. ಕ್ರಿಸ್ತಪೂರ್ವ 6ನೇ ಶತಮಾನದ ಮಿಲೋ ಒಲಿಂಪಿಯಾದಲ್ಲಿ 6 ಬಾರಿ ಗೆದ್ದವನು. ಎಳೆಗರುವನ್ನು ದಿನವೂ ಹೊರುತ್ತ, ಅದು ಬೆಳೆದು ಹೋರಿಯಾದಾಗಲೂ ಹೊರಬಲ್ಲವನಾದನೆಂಬ ಐತಿಹ್ಯವೇ, ಭಾರವನ್ನು ಸ್ವಲ್ಪಸ್ವಲ್ಪವಾಗಿ ಏರಿಸುವ ಅಭ್ಯಾಸಕ್ರಮವನ್ನು ಯಾವ ಘೋಷವಾಕ್ಯಕ್ಕಿಂತಲೂ ಚೆನ್ನಾಗಿ ಹೇಳುತ್ತದೆ.

ಉತ್ತರ 2: ಒಪ್ಪುತ್ತೇನೆ. ಅವನ ಕಾಲದ ಅಥೆನ್ಸಿನ ಮಡಕೆಗಳಲ್ಲಿರುವಂತೆ ಕೆಂಪು ಹಿನ್ನೆಲೆಯ ಮೇಲೆ ಕಪ್ಪು ಆಕೃತಿಯನ್ನು ಬರೆಸಿದರೆ, ದೂರದಿಂದಲೂ ಸ್ಪಷ್ಟವಾಗಿ ಕಾಣುತ್ತದೆ.

ಉತ್ತರ 3: ತೇವವಿರುವ ಕೋಣೆಯಾದರೆ ಕ್ಯಾನ್ವಾಸಿನ ಹಿಂದೆ ಗಾಳಿಯಾಡಲು ದಯವಿಟ್ಟು ಜಾಗ ಬಿಡಿ.