ಸಹಾಯ ಬೇಕು: ಮಿಸ್ಟರ್ ಬಂಗಲ್ ಮೊದಲ ಆಲ್ಬಮ್‌ನ ಹಳೆಯ ಸಿಡಿ ಯಾರ ಹತ್ತಿರವಾದರೂ ಇದೆಯಾ?

ಎಲ್ಲರಿಗೂ ನಮಸ್ಕಾರ. ಕ್ಯಾಲಿಫೋರ್ನಿಯಾದ ಯುರೀಕಾ ಎಂಬ ಸಣ್ಣ ಊರಿನಲ್ಲಿ 1985ರಲ್ಲಿ ಹೈಸ್ಕೂಲ್ ಹುಡುಗರು ಕಟ್ಟಿದ ಬ್ಯಾಂಡ್ ಇದು. ಬ್ಯಾಂಡ್‌ನ ಹೆಸರಲ್ಲೇ ಬಂದ ಮೊದಲ ಆಲ್ಬಮ್ 1991ರದ್ದು, ವಾರ್ನರ್ ಬ್ರದರ್ಸ್ ಬಿಡುಗಡೆ. ಹತ್ತು ಹಾಡು, ಸುಮಾರು 73 ನಿಮಿಷ. ಬ್ಯಾಂಡ್ ಜೊತೆ ಕೂತು ನಿರ್ಮಾಣ ಮಾಡಿದವರು ಜಾಝ್‌ನ ಜಾನ್ ಜೋರ್ನ್.

ಮೊದಲ ಹಾಡಿಗೆ ಆರಂಭದ ಪ್ರತಿಗಳಲ್ಲಿ 'ಟ್ರವೋಲ್ಟಾ' ಎಂದಿತ್ತು, ಆಮೇಲಿನವುಗಳಲ್ಲಿ 'ಕೋಟ್ ಅನ್‌ಕೋಟ್' ಆಯಿತು. ನನಗೆ ಬೇಕಿರುವುದು ಆ ಮೊದಲಿನ ಹೆಸರಿರುವ ಸಿಡಿ. ಮಾರುವುದಾದರೆ ಕೊಳ್ಳುತ್ತೇನೆ. ಇಲ್ಲವಾದರೆ ಕವರ್‌ನ ಹಿಂಬದಿ ಮತ್ತು ಒಳಪುಟಗಳ ಸ್ಪಷ್ಟ ಫೋಟೊ ಕಳಿಸಿದರೂ ದೊಡ್ಡ ಉಪಕಾರ.

ಇನ್ನೊಂದು ಕೋರಿಕೆ, ಸ್ಯಾಕ್ಸೊಫೋನ್ ನುಡಿಸುವವರಿಗೆ. ಇದೇ ಆಲ್ಬಮ್‌ನ 'ಕ್ಯಾರೊಸೆಲ್' ಹಾಡನ್ನು ನಮ್ಮ ತಂಡ ಕಲಿಯುತ್ತಿದೆ. ಟ್ರೇ ಸ್ಪ್ರೂಯೆನ್ಸ್ ಗಿಟಾರ್, ಟ್ರೆವರ್ ಡನ್ ಬೇಸ್ ಹೇಗೋ ಕಿವಿಗೆ ಸಿಗುತ್ತಿವೆ, ಆದರೆ ಆಲ್ಟೊ ಮತ್ತು ಟೆನರ್ ಸ್ಯಾಕ್ಸೊಫೋನ್ ಎರಡೂ ಕೂಡಿದ ಕಡೆ ಯಾವ ಸ್ವರ ಯಾರದು ಎಂದು ಬಿಡಿಸಲು ಆಗುತ್ತಿಲ್ಲ. ಸ್ಕಾ (ಜಮೈಕಾದ ಕುಣಿತದ ಸಂಗೀತ), ಜಾತ್ರೆಯ ಸಂಗೀತ, ಮೆಟಲ್ ಎಲ್ಲವೂ ಒಂದೇ ಹಾಡಿನಲ್ಲಿ ಮಗ್ಗುಲು ಬದಲಿಸುತ್ತವೆ. ಬರೀ ಗದ್ದಲ ಎನ್ನುವವರು ಎರಡನೇ ಸಲ ಕೇಳಿಲ್ಲ ಅಂತಲೇ ನನ್ನ ಅಭಿಪ್ರಾಯ. ಗಾಯಕ ಮೈಕ್ ಪ್ಯಾಟನ್ ದನಿಯಂತೂ ಸಾಲು ಸಾಲಿಗೂ ಬೇರೆ.

ಸ್ಯಾಕ್ಸ್ ಭಾಗವನ್ನು ಸ್ಟಾಫ್ ನೊಟೇಶನ್‌ನಲ್ಲಿ ಬರೆದುಕೊಡಬಲ್ಲವರು ದಯವಿಟ್ಟು ಮೆಸೇಜ್ ಮಾಡಿ. ಶ್ರಮಕ್ಕೆ ತಕ್ಕ ಹಣ ಖಂಡಿತ ಕೊಡುತ್ತೇವೆ.