ತಂಗಿ, ಗೆಳತಿಯನ್ನು ಕರೆತರುವ ಮೊದಲು ಇದನ್ನು ಕೇಳು

ತಂಗಿ, ಮನೆಯವರ ಗುಂಪಿನಲ್ಲಿ ನೀನು ಕೇಳಿದ್ದನ್ನು ರಾತ್ರಿಯೇ ನೋಡಿದೆ. ಕೇರಳದ ಗೆಳತಿಯನ್ನು ಶನಿವಾರ ವಿಜಯಪುರಕ್ಕೆ ಕರೆತರುತ್ತಿದ್ದೇನೆ, ಒಂದೇ ದಿನವಿದೆ, ಏನೇನು ತೋರಿಸಲಿ ಎಂದಿದ್ದೀಯೆ. ಅದರ ಕೆಳಗೆ ಕಾಕಾ, "ಗೋಳಗುಮ್ಮಟಕ್ಕೆ ಎರಡು ತಾಸು ಸಾಕು, ಊಟ ಮಾಡಿಸಿ ಬಾದಾಮಿಗೆ ಕರೆದುಕೊಂಡು ಹೋಗು" ಎಂದು ಹಾಕಿದ್ದಾರೆ. ಕಾಕಾ, ಎದುರಾಡುತ್ತಿದ್ದೇನೆ ಎಂದುಕೊಳ್ಳಬೇಡಿ. ಆದರೆ ನೀವು ಗುಮ್ಮಟ ಹತ್ತಿ ಇಪ್ಪತ್ತು ವರ್ಷವಾಯಿತು. ಇಷ್ಟನ್ನೆಲ್ಲ ಬೆರಳಿನಿಂದ ಒತ್ತುತ್ತ ಕೂರಲು ನನ್ನಿಂದಾಗದು, ಬಾಯಲ್ಲೇ ಹೇಳಿಬಿಡುತ್ತೇನೆ. ನಡುವೆ ಕುಕ್ಕರ್ ಕೂಗಿದರೆ ಸಹಿಸಿಕೊಳ್ಳಿ.

ಮೊದಲು ನಾನು ಮಾಡಿದ ತಪ್ಪು ಕೇಳು. ಮೈಸೂರಿನಿಂದ ನನ್ನ ಗೆಳತಿಯೊಬ್ಬಳು ಮೇ ತಿಂಗಳಲ್ಲಿ ಬಂದಿದ್ದಳು. ನಮ್ಮ ಊರಿನಲ್ಲಿ ಏನೂ ಇಲ್ಲ ಎಂದುಕೊಂಡಾಳು ಎಂಬ ಹಟಕ್ಕೆ ಬಿದ್ದು, ಜೋಡಗುಮ್ಮಟ, ಆಸಾರ ಮಹಲು, ಗಗನ ಮಹಲು, ಮೆಹ್ತರ ಮಹಲು ಎಂದು ಒಂದೇ ದಿನ ಹನ್ನೊಂದು ಕಡೆ ಆಟೋದಲ್ಲಿ ಸುತ್ತಿಸಿದೆ. ಮಧ್ಯಾಹ್ನ ಮೂರರ ಹೊತ್ತಿಗೆ ಅವಳು ಒಂದು ಕಟ್ಟೆಯ ಮೇಲೆ ಕುಳಿತು, "ಇನ್ನೊಂದು ಗೋರಿ ತೋರಿಸುವುದಾದರೆ ನನ್ನನ್ನೂ ಅದರ ಪಕ್ಕದಲ್ಲೇ ಮಲಗಿಸಿ ಹೋಗು" ಎಂದಳು. ಆದ್ದರಿಂದ ನೀನು ಪಟ್ಟಿ ಹಿಡಿದುಕೊಂಡು ಓಡಬೇಡ.

ರೈಲು ಇಳಿದವರೇ ಮನೆಗೆ ಬಂದು ಚಹಾ ಕುಡಿದು, ಸೀದಾ ಗೋಳಗುಮ್ಮಟಕ್ಕೆ ಹೋಗಿ. ಬೆಳಿಗ್ಗೆ ಬೇಗ ಹೋಗಲೇಬೇಕು, ಇದೊಂದರಲ್ಲಿ ಮಾತ್ರ ಆಲಸ್ಯ ಬೇಡ. ಶಾಲಾ ಪ್ರವಾಸದ ಬಸ್ಸುಗಳು ಬಂದವೆಂದರೆ ಮುಗಿಯಿತು, ಮೇಲಿನ ಪಿಸುಗುಟ್ಟುವ ಮೊಗಸಾಲೆಯಲ್ಲಿ ಶಿಳ್ಳೆ, ಕೇಕೆ, "ಓ" ಎಂಬ ಕೂಗು, ಎಲ್ಲವೂ ಏಳೆಂಟು ಸಲ ತಿರುಗಿ ಬಂದು ತಲೆ ಒಡೆಯುತ್ತದೆ. ಹೆಸರೇ ಪಿಸುಗುಟ್ಟುವ ಮೊಗಸಾಲೆ, ಅಲ್ಲಿ ಕಿರುಚಲು ಯಾರು ಕಲಿಸಿದರೋ! ಅವಳನ್ನು ಒಂದು ಕಡೆ ಗೋಡೆಗೆ ಕಿವಿ ಕೊಟ್ಟು ಕೂರಿಸಿ, ನೀನು ಎದುರು ಬದಿಗೆ ನಡೆದು ಹೋಗು. ಗುಮ್ಮಟದ ಒಳವ್ಯಾಸವೇ 124 ಅಡಿ, ಅಷ್ಟು ದೂರದಿಂದ ಗೋಡೆಗೆ ಬಾಯಿ ಹತ್ತಿರ ತಂದು ಮೆಲ್ಲಗೆ ಅವಳ ಹೆಸರು ಕರೆ. ಅವಳು ಬೆಚ್ಚಿ ಪಕ್ಕಕ್ಕೆ ತಿರುಗುವುದನ್ನು ನೋಡಬೇಕು ನೀನು.

ಆದರೆ ಹತ್ತುವ ಮೊದಲು ಕೆಳಗೆ ನಡುಮಧ್ಯದಲ್ಲಿ ಐದು ನಿಮಿಷ ನಿಲ್ಲಿಸಿ ಮೇಲೆ ನೋಡಿಸು. ಅಷ್ಟು ದೊಡ್ಡ ಹಜಾರದಲ್ಲಿ ಒಂದೂ ಕಂಬವಿಲ್ಲ. ಒಂದನ್ನೊಂದು ಹಾಯ್ದು ಹೆಣೆದುಕೊಂಡ ಎಂಟು ಕಮಾನುಗಳೇ ಗುಮ್ಮಟವನ್ನು ಹೊತ್ತಿವೆ. ಅದು ತಲೆಗೆ ಹತ್ತಿದರೆ ಮೇಲಿನ ಪಿಸುಮಾತೂ ಬೇರೆಯಾಗಿಯೇ ಕೇಳುತ್ತದೆ. ಇಲ್ಲಿಯ ಸುಲ್ತಾನ ಮಹಮ್ಮದ್ ಆದಿಲ್‌ಶಾಹನ ಗೋರಿ ಅದು, ಅವನು ಸತ್ತದ್ದು 1656ರಲ್ಲಿ. ಮಾರ್ಗದರ್ಶಕರು ಅವನ ನರ್ತಕಿ ರಂಭೆಯ ಕಥೆ ಹೇಳಲು ಬರುತ್ತಾರೆ, ಕೇಳಲಿ, ಚೆನ್ನಾಗಿಯೇ ಹೇಳುತ್ತಾರೆ, ಅಷ್ಟನ್ನೂ ನಂಬಬೇಕಾಗಿಲ್ಲ. ಮೂಲೆಯ ಮಿನಾರಿನ ಮೆಟ್ಟಿಲುಗಳು ಎತ್ತರ, ಇಕ್ಕಟ್ಟು, ಏಳು ಅಂತಸ್ತು. ಸೀರೆ ಉಡಿಸಿಕೊಂಡು ಕರೆದುಕೊಂಡು ಹೋಗಬೇಡ.

ಆಮೇಲೆ ಮನೆಗೆ ಊಟಕ್ಕೆ. ಖಾನಾವಳಿಗೆ ಹೋಗುತ್ತೇವೆ ಎಂದರೆ ಅವ್ವ ಬೇಜಾರು ಮಾಡಿಕೊಳ್ಳುತ್ತಾಳೆ, ನಾನು ಇನ್ನೂ ಹೆಚ್ಚು. ಬಿಸಿ ಜೋಳದ ರೊಟ್ಟಿ, ಎಣ್ಣೆಗಾಯಿ, ಝುಣಕ, ಶೇಂಗಾ ಹಿಂಡಿ, ಗಟ್ಟಿ ಮೊಸರು. ಅನ್ನ ತಿನ್ನುವ ಊರಿನವಳು, ಎರಡನೆಯ ರೊಟ್ಟಿಗೆ ಸೋಲುತ್ತಾಳೆ, ಒತ್ತಾಯ ಮಾಡಬೇಡ. ಉಂಡು ಮಲಗಲಿ. ಹೌದು, ಮಲಗಲಿ, ಬಿಸಿಲಿನಲ್ಲಿ ಅಲೆಯುವುದರಿಂದ ಯಾರಿಗೂ ಪುಣ್ಯ ಬರುವುದಿಲ್ಲ.

ನಾಲ್ಕರ ಮೇಲೆ ಮಲಿಕ್-ಎ-ಮೈದಾನ್ ಫಿರಂಗಿಯ ಬಳಿ ಸ್ವಲ್ಪ ಹೊತ್ತು. 1549ರಲ್ಲಿ ಅಹಮದನಗರದಲ್ಲಿ ಎರಕ ಹೊಯ್ದದ್ದು, ತೂಕ 55 ಟನ್. ಬಾಯಲ್ಲಿ ಆನೆಯನ್ನು ಅಗಿಯುತ್ತಿರುವ ಸಿಂಹವಿದೆ, ಹುಡುಕಿಸು ಅವಳ ಕೈಯಲ್ಲೇ. ಬ್ರಿಟಿಷರ ಕಾಲದಲ್ಲಿ, 1854ರಲ್ಲಿ, ಇದನ್ನು ಹರಾಜು ಹಾಕಿ 150 ರೂಪಾಯಿಗೆ ಮಾರಿಯೂ ಬಿಟ್ಟಿದ್ದರು, ಆಮೇಲೆ ಮಾರಾಟ ರದ್ದಾಯಿತು. ನೂರೈವತ್ತು ರೂಪಾಯಿ! ಅರ್ಧಕ್ಕೇ ನಿಂತ ಗೋರಿ ಬಾರಾ ಕಮಾನ್ ದಾರಿಯಲ್ಲಿಯೇ ಕಂಡೀತು, ಉಪ್ಪಲಿ ಬುರುಜು ಬಿಟ್ಟರೂ ನಡೆಯುತ್ತದೆ.

ಏಕೆಂದರೆ ಸಂಜೆ ಇಬ್ರಾಹಿಂ ರೋಜಾಕ್ಕೆ ಇಡಬೇಕು. ಕಾಕಾ, ಇಲ್ಲಿಗೇ ನಿಮ್ಮ ಎರಡು ತಾಸಿನ ಲೆಕ್ಕ ತಪ್ಪುವುದು. ಗೋಳಗುಮ್ಮಟ ದೊಡ್ಡದು, ನಿಜ, ಆದರೆ ಚೆಂದ ಎಂದರೆ ಇದು. ಒಂದೇ ಜಗಲಿಯ ಮೇಲೆ ಗೋರಿ ಒಂದು ಕಡೆ, ಮಸೀದಿ ಒಂದು ಕಡೆ, ನಡುವೆ ಹೊಂಡ. ಕಿಟಕಿಗಳಲ್ಲಿ ಕಲ್ಲನ್ನು ಅಕ್ಷರಗಳಾಗಿಯೇ ಕೊರೆದಿದ್ದಾರೆ, ಬೆಳಕು ಬರಹದ ಸಂದಿನಿಂದ ಒಳಗೆ ಬರುತ್ತದೆ. ಎರಡನೆಯ ಇಬ್ರಾಹಿಂ ಆದಿಲ್‌ಶಾಹ ಸಂಗೀತದ ಹುಚ್ಚಿನವನು, ಸರಸ್ವತಿಯನ್ನು ಹಾಡಿ ಹೊಗಳಿದವನು, ಜನರ ಬಾಯಲ್ಲಿ ಜಗದ್ಗುರು ಬಾದಶಹ. ಇದನ್ನು ಕಟ್ಟಲು ತೊಡಗಿದ್ದು ರಾಣಿ ತಾಜ್ ಸುಲ್ತಾನಾಳಿಗೆ, ಅವಳಿಗಿಂತ ಮೊದಲು ಬಂದು ಮಲಗಿದವನು ಅವನೇ, 1627ರಲ್ಲಿ. ಇದನ್ನು ಹೇಳಿ ಸುಮ್ಮನಾಗು. ನನ್ನ ಮೈಸೂರಿನ ಗೆಳತಿಯನ್ನು ಅಲ್ಲಿಗೆ ಕೊನೆಗೆ ಕರೆದುಕೊಂಡು ಹೋಗಿದ್ದೆ, ಅವಳು ಕಂಬಕ್ಕೆ ಒರಗಿ ನಿದ್ದೆ ಹೋದಳು. ಆ ಹೊಟ್ಟೆಯುರಿ ನನಗೆ ಇನ್ನೂ ಇದೆ.

ಕುಕ್ಕರ್ ಕೂಗಿತು, ಇಡುತ್ತೇನೆ. ಅವಳಿಗೆ ಖಾರ ಎಷ್ಟು ತಾಳುತ್ತದೆ, ನೀವಿಬ್ಬರೇನಾ, ಇನ್ನೂ ಯಾರಾದರೂ ಬರುತ್ತಾರಾ, ಗುರುವಾರದೊಳಗೆ ಹೇಳು, ಜೋಳ ಬೀಸಿಸಬೇಕು. ಕಾಕಾ, ನೀವೂ ಬನ್ನಿ, ಕೆಳಗೆ ಕೂತು ಚಪ್ಪಲಿ ಕಾಯುತ್ತೀರಂತೆ.