ಟ್ರಯಲ್ ಫೇಲ್ ಆಯ್ತು ಅಂದರೆ ಏನು ಅರ್ಥ ಡಾಕ್ಟರೇ?

ಪ್ರಶ್ನೆ: ನಮ್ಮಪ್ಪನಿಗೆ 76 ವರ್ಷ. ನ್ಯುಮೋನಿಯಾ ಆಗಿ ವೆಂಟಿಲೇಟರ್ ಹಾಕಿ ಇವತ್ತಿಗೆ 9 ದಿನ. ಸೋಂಕು ಇಳಿದಿದೆ ಅಂತಾರೆ. ಆದರೂ ಎರಡು ಸಲ ಟ್ರಯಲ್ ಕೊಟ್ಟು ಮತ್ತೆ ಮಷೀನಿಗೇ ಹಾಕಿದರು. ನಿನ್ನೆ 20 ನಿಮಿಷವೂ ತಡೆಯಲಿಲ್ಲ. ಈಗ ಗಂಟಲಿಗೆ ತೂತು ಮಾಡೋಣ ಅಂತಿದ್ದಾರೆ. ಬಿಲ್ ಏರಿಸೋಕೆ ಎಳೀತಿದ್ದಾರೆ ಅಂತ ಚಿಕ್ಕಪ್ಪನ ವಾದ.

ಉತ್ತರ (ಐಸಿಯು ವೈದ್ಯ): ಚಿಕ್ಕಪ್ಪನವರ ಅನುಮಾನ ಪಕ್ಕಕ್ಕಿರಲಿ, ಮೊದಲು ಟ್ರಯಲ್ ಅಂದರೇನು ನೋಡೋಣ. ಮಷೀನಿನ ಆಸರೆಯನ್ನು ತೀರಾ ಕಡಿಮೆ ಮಾಡಿ, ಅರ್ಧ ಗಂಟೆಯಿಂದ ಎರಡು ಗಂಟೆ ತನಕ ಅವರ ಉಸಿರು ಅವರೇ ಎಳೆಯುವಂತೆ ಬಿಡುತ್ತೇವೆ. ಆಗ ನಾವು ನೋಡುವ ಲೆಕ್ಕ ಒಂದಿದೆ: ನಿಮಿಷಕ್ಕೆ ಎಷ್ಟು ಉಸಿರು, ಅದನ್ನು ಒಂದು ಉಸಿರಿನ ಲೀಟರ್ ಅಳತೆಯಿಂದ ಭಾಗಿಸಿ. 36 ಉಸಿರು, ಒಂದೊಂದೂ 0.24 ಲೀಟರ್ ಅಂದರೆ 150. ಸಾಮಾನ್ಯವಾಗಿ 105ರ ಒಳಗಿದ್ದರೆ ಭರವಸೆ. ಮೇಲೆ ಹೋದರೆ ನಾಯಿ ಏದುಸಿರು ಬಿಟ್ಟ ಹಾಗೆ, ಗಾಳಿ ಒಳಗೆ ತಲುಪುವುದಿಲ್ಲ. ಹಾಗಂತ ಈ ಅಂಕಿಯೊಂದನ್ನೇ ನಂಬಿ ಟ್ಯೂಬ್ ತೆಗೆಯುವವರಲ್ಲ ನಾವು. ಕೆಮ್ಮಿ ಕಫ ಹೊರಹಾಕುವ ಶಕ್ತಿ ಇದೆಯೇ, ಎಚ್ಚರವಿದ್ದಾರೆಯೇ ಅನ್ನುವುದೂ ಅಷ್ಟೇ ಮುಖ್ಯ.

ಫೇಲ್ ಆಗಲು ಕಾರಣಗಳಿವೆ. ಕೆಲಸವಿಲ್ಲದೆ ಬಿದ್ದ ವಪೆ, ಅಂದರೆ ಉಸಿರಿನ ಮುಖ್ಯ ಸ್ನಾಯು, ಕೆಲವೇ ದಿನಗಳಲ್ಲಿ ಸಣಕಲಾಗುತ್ತದೆ. ವಯಸ್ಸಾದವರಲ್ಲಿ ಮೊದಲೇ ಮಾಂಸಖಂಡ ಕಮ್ಮಿ. ಇನ್ನೊಂದು ಗುಟ್ಟು ಹೃದಯದ್ದು: ಮಷೀನಿನ ಒತ್ತಡ ತೆಗೆದ ಕೂಡಲೇ ಹೃದಯದ ಮೇಲೆ ಹೊರೆ ಬಿದ್ದು ಶ್ವಾಸಕೋಶದಲ್ಲಿ ನೀರು ತುಂಬಬಹುದು. ಅಂಥವರಿಗೆ ಮೂತ್ರ ಹೆಚ್ಚು ಹೋಗುವ ಔಷಧಿ ಕೊಟ್ಟು ಮತ್ತೆ ನೋಡಿದರೆ ಪಾಸಾಗಬಹುದು. 'ಯಾಕೆ ಫೇಲ್ ಆಯ್ತು, ಎಕೋ (ಹೃದಯದ ಸ್ಕ್ಯಾನ್) ಮಾಡಿದಿರಾ' ಅಂತ ಧೈರ್ಯವಾಗಿ ಕೇಳಿ. ನಾಳೆ ಮತ್ತೆ ಟ್ರಯಲ್ ಇದೆಯಾ ಅಂತಲೂ ಕೇಳಿ. ದಿನಕ್ಕೊಂದು ಸಾಕು, ಪದೇಪದೇ ಕೊಟ್ಟು ಸುಸ್ತು ಮಾಡಬಾರದು.

ತೂತು, ಅಂದರೆ ಟ್ರಕಿಯಾಸ್ಟಮಿ, ಕೊನೆಯ ದಾರಿಯೇನಲ್ಲ. ಟ್ಯೂಬ್ ಬಾಯಿಯ ಬದಲು ಗಂಟಲಿನ ಆ ತೂತಿನಿಂದ ಹೋದರೆ ನಿದ್ದೆಯ ಔಷಧಿ ಕಮ್ಮಿ ಸಾಕು, ಕೂರಿಸಿ ವ್ಯಾಯಾಮ ಮಾಡಿಸಬಹುದು. ತೀರಾ ಅವಸರವೂ ಬೇಡ: ಬೇಗ ಮಾಡಿದರೆ ಜೀವ ಉಳಿಯುವುದು ಹೆಚ್ಚು ಅಂತ ಬ್ರಿಟನ್ನಿನ 2013ರ ದೊಡ್ಡ ಅಧ್ಯಯನದಲ್ಲಿ ಕಂಡುಬರಲಿಲ್ಲ.

ಪ್ರಶ್ನೆ: ಥ್ಯಾಂಕ್ಸ್ ಡಾಕ್ಟರೇ. ರಾತ್ರಿ ಟ್ಯೂಬ್ ಕಿತ್ತುಕೊಳ್ಳೋಕೆ ಹೋಗ್ತಾರಂತ ಕೈ ಕಟ್ಟಿದ್ದಾರೆ. ನನ್ನ ಗುರುತೂ ಹಿಡಿಯಲಿಲ್ಲ.

ಉತ್ತರ: ಅದು ಡಿಲಿರಿಯಂ, ಅಂದರೆ ಕಾಯಿಲೆಯ ಹೊತ್ತಿನಲ್ಲಿ ಬರುವ ಮನಸ್ಸಿನ ಗೊಂದಲ, ಇರಬಹುದು, ಹುಚ್ಚಲ್ಲ. ಐಸಿಯುನಲ್ಲಿ ಹಗಲು ಯಾವುದು ರಾತ್ರಿ ಯಾವುದು ಅಂತ ನನಗೇ ಕೆಲವೊಮ್ಮೆ ತಿಳಿಯುವುದಿಲ್ಲ. ಅಪ್ಪನಿಗೆ ಕನ್ನಡಕ, ಕಿವಿ ಮಷೀನು ಇದೆಯಾ?

ಪ್ರಶ್ನೆ: ಎರಡೂ ಇದೆ. ಸೇರಿಸುವಾಗ ಕವರಿನಲ್ಲಿ ಹಾಕಿ ನಮಗೇ ವಾಪಸ್ ಕೊಟ್ಟಿದ್ದರು, ಮನೆಯಲ್ಲಿದೆ.

ಉತ್ತರ: ಇವತ್ತೇ ಸಿಸ್ಟರ್ ಕೈಗೆ ಕೊಡಿ, ಕಣ್ಣು ಕಾಣದೆ ಕಿವಿ ಕೇಳದೆ ಇದ್ದರೆ ಗೊಂದಲ ಹೆಚ್ಚುತ್ತದೆ. ಕಿವಿ ಮಷೀನಿನ ಬ್ಯಾಟರಿ ಹೊಸದು ಹಾಕಿಸಿ. ಹಲ್ಲಿನ ಸೆಟ್ ಮಾತ್ರ ಸದ್ಯಕ್ಕೆ ಮನೆಯಲ್ಲೇ ಇರಲಿ.